ಕೂಡಿಸಬೇಕೋ, ಬಿಡಿಸಬೇಕೋ, ನಡುವೆ ಗೆರೆ ಎಳೆಯಬೇಕೋ?



ಕಳೆದ ತಿಂಗಳು ಚನ್ನಪಟ್ಟಣದ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಆಹ್ವಾನಪತ್ರಿಕೆಯೊಂದರ ಕರಡನ್ನು ಕಳುಹಿಸಿ, ‘ಸಾರ್, ಇದರಲ್ಲಿ ಹೈಫನ್ ಎಲ್ಲೆಲ್ಲಿ ಇರಬೇಕು, ಎಲ್ಲೆಲ್ಲಿ ಇರಬಾರದು, ಸ್ವಲ್ಪ ನೋಡಿಕೊಡಿ’ ಎಂದು ಕೇಳಿದರು. ಇಂಗ್ಲಿಷ್ ಭಾಗದಲ್ಲಿ ಹನ್ನೊಂದು ಹೈಫನ್‌ಗಳಿದ್ದವು. ಅವುಗಳಲ್ಲಿ ಬೇಕಾದವು ಎರಡು ಮಾತ್ರ. ಕನ್ನಡ ಭಾಗದಲ್ಲಿ ಹೈಫನ್ ಒಂದೂ ಇರಲಿಲ್ಲ. ಆದರೆ ಒಂದೇ ಪದವಾಗಿ ನಿಲ್ಲಬೇಕಾದ ಮಾತುಗಳೆಲ್ಲ ತುಂಡುತುಂಡಾಗಿ ಬಿದ್ದಿದ್ದವು: ‘ಗುರು ವಂದನೆ’, ‘ಪ್ರೌಢ ಶಾಲೆ’, ‘ವಿದ್ಯಾರ್ಥಿ ಗಳ ಸಂಘ’, ‘ಆಗಮಿಸ ಬೇಕಾಗಿ ವಿನಂತಿ’. ತಿದ್ದಿ ಕಳುಹಿಸಿದೆ. ಆದರೆ ಪ್ರಶ್ನೆ ಅಲ್ಲಿಗೆ ಮುಗಿಯುವಂಥದ್ದಲ್ಲ. ತಮ್ಮಲ್ಲಿ ಹಲವರು ಇದೇ ಬಗೆಯ ಸಂದೇಹವನ್ನು ಆಗಾಗ ಕೇಳಿದ್ದೀರಿ. ಆದುದರಿಂದ ನನ್ನ ಅಭಿಪ್ರಾಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ಇಂಗ್ಲಿಷಿನ ವಿಷಯ. ಆ ಭಾಷೆಯಲ್ಲಿ ಹೈಫನ್ನಿನ ಮುಖ್ಯ ಕೆಲಸ, ಅಕ್ಕಪಕ್ಕದ ಎರಡು ಪದಗಳು ಜೊತೆಗೂಡಿ ಮುಂದಿನ ನಾಮಪದಕ್ಕೆ ವಿಶೇಷಣವಾಗಿವೆ ಎಂಬುದನ್ನು ಓದುವವನಿಗೆ ಮುಂಚಿತವಾಗಿಯೇ ತಿಳಿಸುವುದು. ‘ಟ್ವೆಂಟಿ ಫೈವ್ ರುಪೀ ನೋಟ್ಸ್’ ಎಂದು ಕರಿಹಲಗೆಯ ಮೇಲೆ ಬರೆದು, ‘ಒಟ್ಟು ಎಷ್ಟು ರೂಪಾಯಿ?’ ಎಂದು ನಾನು ಕೇಳುತ್ತಿದ್ದುದು ತಮಗೆ ನೆನಪಿರಬಹುದು. ‘ಫೈವ್’ ಮತ್ತು ‘ರುಪೀ’ಗಳ ನಡುವೆ ಗೆರೆ ಎಳೆದರೆ ಐದು ರೂಪಾಯಿಯ ಇಪ್ಪತ್ತು ನೋಟುಗಳು, ಅಂದರೆ ನೂರು ರೂಪಾಯಿ. ‘ಟ್ವೆಂಟಿ’ ಮತ್ತು ‘ಫೈವ್’ಗಳ ನಡುವೆಯೂ ಗೆರೆ ಬಂದರೆ ಇಪ್ಪತ್ತೈದು ರೂಪಾಯಿಯ ನೋಟುಗಳು, ಅಂಥ ನೋಟು ಯಾವ ಬಜಾರಿನಲ್ಲಿಯೂ ಸಿಕ್ಕುವುದಿಲ್ಲ. ಗೆರೆಯೇ ಇಲ್ಲದಿದ್ದರೆ ಬರೆದವನ ಮನಸ್ಸಿನಲ್ಲಿದ್ದುದು ಆ ದೇವರಿಗೇ ಗೊತ್ತು. ಇಪ್ಪತ್ತೊಂದರಿಂದ ತೊಂಬತ್ತೊಂಬತ್ತರವರೆಗಿನ ಜೋಡಿಸಂಖ್ಯೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಹೈಫನ್ ಹಾಕುವ ಪದ್ಧತಿಯಿದೆ. ಚೆಕ್ಕು ಬರೆಯುವಾಗ ಇದನ್ನು ಬಹಳ ಮಂದಿ ಮರೆಯುತ್ತಾರೆ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಸುತ್ತ ಬೆಳೆದವರಿಗೆ ಇನ್ನೊಂದು ಉದಾಹರಣೆ. ‘ಟೂ ಹಂಡ್ರೆಡ್ ಕೆ.ಜಿ. ಲಾಟ್ಸ್’ ಎಂದು ಯಾರಾದರೂ ಪತ್ರ ಬರೆದರೆ, ನೂರು ಕಿಲೋಗ್ರಾಮಿನ ಎರಡು ಲಾಟುಗಳೋ ಇನ್ನೂರು ಕಿಲೋಗ್ರಾಮಿನ ಕೆಲವು ಲಾಟುಗಳೋ? ರೀಲರಿಗೂ ರೈತನಿಗೂ ಈ ವ್ಯತ್ಯಾಸ ವ್ಯಾಕರಣದ್ದಲ್ಲ, ದುಡ್ಡಿನದು.

ನನಗೆ ಹೆಚ್ಚು ಪ್ರಿಯವಾದದ್ದು ಚನ್ನಪಟ್ಟಣದ ಉದಾಹರಣೆ. ಆಲೆಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಮಾಡುವ ಅಲ್ಲಿನ ಬೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಮಗು ಬಾಯಿಗಿಟ್ಟುಕೊಂಡರೂ ತೊಂದರೆಯಿಲ್ಲದ ಬಣ್ಣವೆಂಬುದೇ ಅವುಗಳ ಹೆಗ್ಗಳಿಕೆ. ಅಂಥ ಆಟಿಕೆಯ ಡಬ್ಬಿಯೊಂದರ ಮೇಲೆ ‘ಲೆಡ್ ಫ್ರೀ’ ಎಂದು ಹೈಫನ್ ಇಲ್ಲದೆ ಮುದ್ರಿಸಿದ್ದನ್ನು ನೋಡಿದೆ. ಸೀಸ ಇಲ್ಲದ್ದು ಎಂಬುದು ಅವರ ಅಭಿಪ್ರಾಯ. ಆದರೆ ಒಂದು ಸೋಪು ಕೊಂಡರೆ ಒಂದು ಪೆನ್ನು ‘ಫ್ರೀ’ ಎಂಬ ಭಾಷೆಗೆ ಒಗ್ಗಿದ ನಮ್ಮ ಜನ ಅದನ್ನು ‘ಸೀಸ ಉಚಿತ’ ಎಂದು ಓದಿದರೆ ತಪ್ಪು ಯಾರದು? ನಡುವೆ ಒಂದು ಹೈಫನ್ ಬಿದ್ದಿದ್ದರೆ ಈ ಚೇಷ್ಟೆಗೆ ಅವಕಾಶವೇ ಇರುತ್ತಿರಲಿಲ್ಲ. ಕನ್ನಡದಲ್ಲಿ ‘ಸೀಸಮುಕ್ತ’ ಎಂದು ಒಂದೇ ಉಸಿರಿನಲ್ಲಿ ಬರೆದರೆ ಸಾಕು.

ಇದೇ ಜೋಡಿ ನಾಮಪದದ ಹಿಂದೆ ಬಾರದೆ ವಾಕ್ಯದ ಕೊನೆಯಲ್ಲಿ ಬಂದರೆ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಹೈಫನ್ ಬೇಡ. ‘ವೆಲ್-ನೋನ್ ಪೊಯೆಟ್’ ಎನ್ನುವಾಗ ಬೇಕು. ‘ದ ಪೊಯೆಟ್ ಈಸ್ ವೆಲ್ ನೋನ್’ ಎನ್ನುವಾಗ ಬೇಡ. ‘ನ್ಯೂಲಿ ಬಿಲ್ಟ್’ ಎಂಬಲ್ಲಿ ‘ಲಿ’ ಎಂಬ ಪ್ರತ್ಯಯವೇ ಮುಂದಿನ ಪದವನ್ನು ಹಿಡಿದುಕೊಂಡಿರುವುದರಿಂದ ಅಲ್ಲಿಯೂ ಬೇಡ. ನನ್ನ ವಿದ್ಯಾರ್ಥಿಯ ಆಹ್ವಾನಪತ್ರಿಕೆಯಲ್ಲಿದ್ದ ಹೆಚ್ಚುವರಿ ಹೈಫನ್‌ಗಳಲ್ಲಿ ಮುಕ್ಕಾಲುಪಾಲು ಈ ಎರಡು ಜಾತಿಗೆ ಸೇರಿದ್ದವು.

ನಮ್ಮ ಸ್ಟಾಫ್‌ರೂಮಿನಲ್ಲಿ ಬಹುಕಾಲ ಓಡಾಡಿದ ಒಂದು ತಮಾಷೆಯಿದೆ. ಹಾಜರಿ ಪುಸ್ತಕದಲ್ಲಿ ಸಹಿ ಅಳಿಸಿಹೋಗಿದ್ದ ಒಬ್ಬ ಮೇಷ್ಟ್ರಿಗೆ ಗುಮಾಸ್ತರು ‘ಪ್ಲೀಸ್ ರಿಸೈನ್’ ಎಂದು ಚೀಟಿ ಬರೆದು ಕಳುಹಿಸಿದರಂತೆ. ಮತ್ತೊಮ್ಮೆ ಸಹಿ ಹಾಕಿ ಎಂಬುದು ಉದ್ದೇಶ. ಹೈಫನ್ ಇಲ್ಲದ ಆ ಪದದ ಅರ್ಥ ರಾಜೀನಾಮೆ ಕೊಡು ಎಂದು. ಮೇಷ್ಟ್ರು ನೇರವಾಗಿ ಮುಖ್ಯೋಪಾಧ್ಯಾಯರ ಕೊಠಡಿಗೆ ನುಗ್ಗಿ, ‘ನಾನೇನು ಅಪರಾಧ ಮಾಡಿದ್ದೇನೆ ಸ್ವಾಮಿ?’ ಎಂದು ಕೇಳಿದರೆಂದು ಕಥೆ. ನಡೆದದ್ದೋ ಕಟ್ಟಿದ್ದೋ ಬಲ್ಲವರಾರು! ಪಾಠ ಹೇಳಲು ಮಾತ್ರ ಬಹಳ ಉಪಯೋಗಕ್ಕೆ ಬಂತು.

ಇಂಗ್ಲಿಷಿನಲ್ಲಿಯೂ ಈ ಪದ್ಧತಿ ಕಲ್ಲಿನಲ್ಲಿ ಕೊರೆದದ್ದಲ್ಲ. ನಮ್ಮ ತಂದೆಯವರ ಕಾಲದ ಪುಸ್ತಕಗಳಲ್ಲಿ ‘ಟು-ಡೇ’, ‘ಟು-ಮಾರೋ’ ಎಂದು ನಡುವೆ ಗೆರೆಯಿರುತ್ತಿತ್ತು. ಎರಡು ಪದಗಳು ಮೊದಲು ದೂರ ದೂರ ನಿಲ್ಲುತ್ತವೆ; ಬಳಕೆ ಹೆಚ್ಚಿದಂತೆ ಗೆರೆ ಬಂದು ಕೈಹಿಡಿಸುತ್ತದೆ; ಕೊನೆಗೆ ಗೆರೆ ಬಿದ್ದುಹೋಗಿ ಒಂದೇ ಪದವಾಗುತ್ತವೆ. 2007ರಲ್ಲಿ ಪ್ರಕಟವಾದ ಷಾರ್ಟರ್ ಆಕ್ಸ್‌ಫರ್ಡ್ ನಿಘಂಟಿನ ಆರನೆಯ ಆವೃತ್ತಿ ಸುಮಾರು 16,000 ಪದಗಳ ಹೈಫನ್ನನ್ನು ಒಮ್ಮೆಗೇ ತೆಗೆದುಹಾಕಿತು. ಕೆಲವು ಕೂಡಿಕೊಂಡವು, ಕೆಲವು ಬೇರೆಯಾದವು. ‘ಐಸ್ ಕ್ರೀಮ್’ ಎರಡು ಪದವಾಯಿತು. ಹಾಗೆಂದು ಎಲ್ಲವನ್ನೂ ತೆಗೆದುಬಿಡಬೇಕೆಂದಲ್ಲ. ನಮ್ಮ ಹಾಲಿನ ಸಂಘಗಳೆಲ್ಲ ನೋಂದಣಿಯಾಗುವುದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯಡಿಯಲ್ಲಿ. ಆ ಕಾಯಿದೆಯ ಇಂಗ್ಲಿಷ್ ಹೆಸರಿನಲ್ಲಿ ‘ಕೋ-ಆಪರೇಟಿವ್’ ಎಂದು ಹೈಫನ್ ಇದೆ. ಅದನ್ನು ಕಿತ್ತರೆ ಮೊದಲ ನಾಲ್ಕಕ್ಷರಗಳನ್ನು ‘ಕೂಪ್’ ಎಂದು ಓದಿ, ಕೋಳಿಗೂಡು ಎಂದು ಅರ್ಥ ಮಾಡಿಕೊಳ್ಳಬಹುದು. ಅಮೆರಿಕದವರು ಕಿತ್ತಿದ್ದಾರೆ, ಅದು ಅವರ ಪದ್ಧತಿ. ನಾವು ಸಂಘದ ಹೆಸರನ್ನು ನೋಂದಣಿಯಲ್ಲಿರುವಂತೆಯೇ ಬರೆಯತಕ್ಕದ್ದು.

ಈಗ ಕನ್ನಡಕ್ಕೆ ಬರೋಣ. ನನ್ನ ನಿಜವಾದ ತಕರಾರು ಇರುವುದು ಇಲ್ಲಿ.

ಇಂಗ್ಲಿಷ್ ಪದಗಳು ಪಕ್ಕಪಕ್ಕ ನಿಂತಾಗ ಸಾಮಾನ್ಯವಾಗಿ ತಮ್ಮ ರೂಪವನ್ನು ಬದಲಿಸುವುದಿಲ್ಲ. ಆದುದರಿಂದಲೇ ಅವು ಕೂಡಿವೆಯೆಂದು ತೋರಿಸಲು ಹೊರಗಿನಿಂದ ಒಂದು ಗೆರೆ ಬೇಕಾಯಿತು. ಕನ್ನಡ ಪದಗಳು ಕೂಡುವಾಗ ಎಷ್ಟೋ ಬಾರಿ ತಾವೇ ಬದಲಾಗುತ್ತವೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ. ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ. ಹೊಸ ಕನ್ನಡ ಹೊಸಗನ್ನಡ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಂಧಿಗೂ ಸಮಾಸಕ್ಕೂ ಪ್ರತ್ಯೇಕ ಪ್ರಕರಣಗಳನ್ನೇ ಮೀಸಲಿಟ್ಟಿದ್ದಾನೆ. ಆಗ ಹೈಫನ್ ಇರಲಿಲ್ಲ. ಓಲೆಗರಿಯಲ್ಲಿ ಪದಗಳ ನಡುವೆ ಈಗಿನಂತೆ ತೆರಪನ್ನೂ ಬಿಡುತ್ತಿರಲಿಲ್ಲ. ಇಂಗ್ಲಿಷ್ ಲೇಖನಿಯಿಂದ ಮಾಡಿಸುವ ಕೆಲಸವನ್ನು ಕನ್ನಡ ನಾಲಿಗೆಯಿಂದಲೇ ಮಾಡಿಸಿಬಿಡುತ್ತದೆ. ಮೇಲಿನ ನೋಟಿನ ಲೆಕ್ಕವನ್ನೇ ತೆಗೆದುಕೊಳ್ಳಿ: ‘ಇಪ್ಪತ್ತು ಐದು ರೂಪಾಯಿ ನೋಟು’ ಎಂದರೆ ಒಂದು, ‘ಇಪ್ಪತ್ತೈದು ರೂಪಾಯಿ ನೋಟು’ ಎಂದರೆ ಇನ್ನೊಂದು. ಒಂದು ಲೋಪಸಂಧಿ ಎಲ್ಲ ಗೊಂದಲವನ್ನೂ ಪರಿಹರಿಸಿತು. ಯಾವ ಗೆರೆಯೂ ಬೇಕಾಗಲಿಲ್ಲ.

ಸಂಧಿಕಾರ್ಯ ನಡೆಯದ ಕಡೆಯೂ ಸಮಾಸವನ್ನು ಕೂಡಿಸಿ ಬರೆಯುವುದರಲ್ಲಿ ಅರ್ಥವಿದೆ. ನಾನು ಸೇವೆಗೆ ಸೇರಿದಾಗ ನನ್ನ ಹುದ್ದೆಯ ಹೆಸರು ‘ಸಹಶಿಕ್ಷಕ’. ಇಂದು ಹಲವು ಶಾಲೆಗಳ ಫಲಕಗಳಲ್ಲಿ ‘ಸಹ ಶಿಕ್ಷಕರು’ ಎಂದು ನಡುವೆ ತೆರಪು ಬಿಟ್ಟು ಬರೆಯುತ್ತಾರೆ. ‘ಅವರು ಸಹಶಿಕ್ಷಕರು’ ಎಂದರೆ ಅವರ ಹುದ್ದೆ ಅದು. ‘ಅವರು ಸಹ ಶಿಕ್ಷಕರು’ ಎಂದರೆ ಅವರೂ ಶಿಕ್ಷಕರೇ ಎಂದು. ಯಾರೋ ಅನುಮಾನಪಟ್ಟಂತೆ, ಯಾರೋ ಸಮಾಧಾನ ಹೇಳಿದಂತೆ! ‘ಕೈ ಬಿಟ್ಟರು’ ಎಂದರೆ ಹಿಡಿದ ಕೈಯನ್ನು ಬಿಟ್ಟರು; ‘ಕೈಬಿಟ್ಟರು’ ಎಂದರೆ ತೊರೆದರು. ‘ನರ ಭಕ್ಷಕ’ ಎಂದು ಬಿಡಿಸಿದರೆ ಮೈಯೊಳಗಿನ ನರವನ್ನು ತಿನ್ನುವ ಯಾವುದೋ ರೋಗದಂತೆ ಕೇಳಿಸುತ್ತದೆ.

ನರಭಕ್ಷಕ ಎಂದಾಗ ಕೆನೆತ್ ಆಂಡರ್ಸನ್ ನೆನಪಾಗದೆ ಇರುವುದಿಲ್ಲ. 1954ರಲ್ಲಿ ಪ್ರಕಟವಾದ ಅವರ ‘ನೈನ್ ಮ್ಯಾನ್-ಈಟರ್ಸ್ ಅಂಡ್ ಒನ್ ರೋಗ್’ ಎಂಬ ಪುಸ್ತಕದ ಹೆಸರಿನಲ್ಲೇ ಹೈಫನ್ ಇದೆ. ಅದೇ ಪದದಿಂದ ‘ಮ್ಯಾನ್ ಈಟಿಂಗ್ ಪ್ಯಾಂಥರ್’ ಎಂದು ಗೆರೆಯಿಲ್ಲದೆ ಬರೆದರೆ ಮನುಷ್ಯನೇ ಚಿರತೆಯನ್ನು ತಿನ್ನುತ್ತಿದ್ದಾನೆಂದು ಓದಿಕೊಳ್ಳಬಹುದು. ಪೂರ್ಣಚಂದ್ರ ತೇಜಸ್ವಿಯವರು ಆಂಡರ್ಸನ್ನರ ಕಥೆಗಳನ್ನು ಕನ್ನಡಕ್ಕೆ ತಂದಾಗ ‘ಬೆಳ್ಳಂದೂರಿನ ನರಭಕ್ಷಕ’ ಎಂದು ಬರೆದರು. ಅಲ್ಲಿ ಯಾರು ಯಾರನ್ನು ತಿಂದರೆಂಬ ಸಂದೇಹಕ್ಕೆ ಎಡೆಯೇ ಇಲ್ಲ. ಅದೇ ಮಾಲೆಯ ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ಯನ್ನು ಮಾಗಡಿಯ ಕಡೆಯ ಹುಡುಗರು ಎಷ್ಟು ಹೆಮ್ಮೆಯಿಂದ ಓದುತ್ತಿದ್ದರು ಎಂಬುದು ಬೇರೆಯೇ ಪ್ರಸಂಗ.

ಹಾಗಾದರೆ ಕನ್ನಡಕ್ಕೆ ಹೈಫನ್ ಬೇಡವೇ? ಬೇಕು, ಸ್ವಲ್ಪ. ಎರಡು ಪದಗಳು ಸಮಾನ ಗೌರವದಿಂದ ನಿಂತು ಸಂಬಂಧವನ್ನೋ ದೂರವನ್ನೋ ಹೇಳುವಾಗ ಅದು ಉಪಯುಕ್ತ: ಬೆಂಗಳೂರು-ಮೈಸೂರು ಹೆದ್ದಾರಿ, ಕನ್ನಡ-ಇಂಗ್ಲಿಷ್ ನಿಘಂಟು, ರೈತ-ರೀಲರ್ ವ್ಯವಹಾರ. ‘ತಂದೆ-ತಾಯಿ’ ಎಂದು ಬರೆದರೆ ನನ್ನ ಆಕ್ಷೇಪವಿಲ್ಲ. ‘ತಂದೆತಾಯಿ’ ಎಂದರೂ ಸರಿಯೇ. ಆದರೆ ‘ಹಣ್ಣು-ಹಂಪಲು’ ಬೇಡ. ಹಂಪಲಿಗೆ ಹಣ್ಣನ್ನು ಬಿಟ್ಟು ಬದುಕಿಲ್ಲ. ‘ಉಪ’, ‘ಸಹ’ ಮುಂತಾದ ಪೂರ್ವಪದಗಳನ್ನು ಕೂಡಿಸಿಯೇ ಬರೆಯಿರಿ: ಉಪನೋಂದಣಾಧಿಕಾರಿ, ಉಪಾಧ್ಯಕ್ಷ. ಇಂಗ್ಲಿಷಿನಲ್ಲಿ ‘ಸಬ್-ರಿಜಿಸ್ಟ್ರಾರ್’ ಎಂಬಲ್ಲಿ ಗೆರೆಯಿದೆಯೆಂದು ಕನ್ನಡದಲ್ಲಿ ಅದರ ಜಾಗಕ್ಕೆ ತೆರಪನ್ನು ತಂದಿಡಬೇಕಾಗಿಲ್ಲ. ‘ಮಾಜಿ ಶಾಸಕ’ದಲ್ಲಿ ‘ಮಾಜಿ’ ತಾನೇ ಸ್ವತಂತ್ರ ವಿಶೇಷಣ; ಅದು ಬೇರೆ ನಿಲ್ಲಲಿ. ವಿಭಕ್ತಿಪ್ರತ್ಯಯವನ್ನು ಮಾತ್ರ ಎಂದಿಗೂ ಬೇರ್ಪಡಿಸಬಾರದು. ‘ಕನಕಪುರ ದಲ್ಲಿ’ ಎಂದು ಗೋಡೆಯ ಮೇಲೆ ಬರೆದದ್ದನ್ನು ಕಂಡಾಗಲೆಲ್ಲ ಆ ‘ದಲ್ಲಿ’ ಬಸ್ಸು ತಪ್ಪಿದ ಮಗುವಿನಂತೆ ಕಾಣುತ್ತದೆ.

ನಮ್ಮ ಊರುಗಳ ಹೆಸರುಗಳೇ ಸಮಾಸಕ್ಕೆ ಒಳ್ಳೆಯ ಪಾಠ. ರಾಮನಗರ, ಕನಕಪುರ, ಚನ್ನಪಟ್ಟಣ ಇವುಗಳನ್ನು ಯಾರೂ ಬಿಡಿಸಿ ಬರೆಯುವುದಿಲ್ಲ. ರಾಮನಗರದ ಹಿಂದಿನ ಹೆಸರಂತೂ ಇನ್ನೂ ಸ್ವಾರಸ್ಯ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟರಾಗಿದ್ದ ಬ್ಯಾರಿ ಕ್ಲೋಸ್ ಅವರ ಹೆಸರಿನಲ್ಲಿ ದಿವಾನ್ ಪೂರ್ಣಯ್ಯನವರು ಕಟ್ಟಿಸಿದ ಪೇಟೆ ‘ಕ್ಲೋಸ್‌ಪೇಟೆ’ಯಾಯಿತು. ಇಂಗ್ಲಿಷ್ ಹೆಸರಿಗೆ ನಮ್ಮ ಪೇಟೆಯನ್ನು ಗಂಟುಹಾಕಿದ ಈ ಪದವನ್ನು ಸಂಪ್ರದಾಯಸ್ಥ ಪಂಡಿತರು ಅರಿಸಮಾಸದ ಪಟ್ಟಿಗೆ ಸೇರಿಸಿ ಮೂಗು ಮುರಿದಾರು. ಊರು ಆ ಹೆಸರನ್ನು ಬಿಟ್ಟಿತು. ಭೂವಿಜ್ಞಾನಿಗಳು ಬಿಡಲಿಲ್ಲ, ನಮ್ಮ ಬೆಟ್ಟಗಳ ಬಂಡೆಗೆ ಇಂದಿಗೂ ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದೇ ಹೆಸರು.

2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟ ರಾಮನಗರ ಜಿಲ್ಲೆಯನ್ನು ಸರ್ಕಾರ 2025ರಲ್ಲಿ ‘ಬೆಂಗಳೂರು ದಕ್ಷಿಣ’ ಎಂದು ಕರೆಯಿತು. ರಾಜಕೀಯ ನನ್ನ ವಿಷಯವಲ್ಲ. ಆದರೆ ಪದಕ್ರಮ ನೋಡಿ: ದಕ್ಷಿಣ ಕನ್ನಡ, ಉತ್ತರ ಕನ್ನಡ ಎಂದು ವಿಶೇಷಣವನ್ನು ಮೊದಲಿಡುವುದು ನಮ್ಮ ರೂಢಿ. ಇಲ್ಲಿ ಇಂಗ್ಲಿಷ್ ಹೆಸರು ಮೊದಲು ಹುಟ್ಟಿ, ಕನ್ನಡ ಅದರ ಹಿಂದೆ ನಡೆದಂತಿದೆ. ಬೆಂಗಳೂರು ದಕ್ಷಿಣವೆಂಬ ಲೋಕಸಭಾ ಕ್ಷೇತ್ರವೂ ಇದೆ. ಈ ನಾಲ್ಕು ಊರುಗಳು ಅದರಲ್ಲಿಲ್ಲ, ಬೆಂಗಳೂರು ಗ್ರಾಮಾಂತರ ಕ್ಷೇತ್ರದಲ್ಲಿವೆ. ವಿಳಾಸ ಬರೆಯುವಾಗ ‘ಜಿಲ್ಲೆ’ ಎಂಬ ಪದವನ್ನು ದಯವಿಟ್ಟು ಬಿಡಬೇಡಿ. ಇಂಥ ಕಡೆ ಹೈಫನ್ ಏನೂ ಸಹಾಯ ಮಾಡಲಾರದು.

ಗಣಕಯಂತ್ರ ಬಂದ ಮೇಲೆ ಇನ್ನೊಂದು ಸೂಕ್ಷ್ಮ ಸೇರಿಕೊಂಡಿದೆ. ‘ರಾಜ್‌ಕುಮಾರ್’ ಎಂದು ಬೆರಳಚ್ಚಿಸಲು ಹೋದರೆ ಯಂತ್ರವು ಜ-ಕಾರಕ್ಕೆ ಕ-ಕಾರವನ್ನು ಒತ್ತಕ್ಷರವಾಗಿ ತಗುಲಿಸಿ ‘ರಾಜ್ಕುಮಾರ್’ ಎಂದು ತೋರಿಸುತ್ತದೆ. ಕ್ಲೋಸ್‌ಪೇಟೆ ‘ಕ್ಲೋಸ್ಪೇಟೆ’ಯಾಗುತ್ತದೆ. ಉಪಾಯ ತಿಳಿಯದವರು ನಡುವೆ ಹೈಫನ್ ಹಾಕುತ್ತಾರೆ, ಇಲ್ಲವೇ ತೆರಪು ಬಿಡುತ್ತಾರೆ. ಎರಡೂ ಬೇಕಾಗಿಲ್ಲ. ಕಣ್ಣಿಗೆ ಕಾಣದ, ಅಗಲವೇ ಇಲ್ಲದ, ಆದರೆ ಎರಡು ಅಕ್ಷರಗಳನ್ನು ಬೆಸೆಯಗೊಡದ ಚಿಹ್ನೆಯೊಂದು ಯೂನಿಕೋಡ್‌ನಲ್ಲಿದೆ. ಅದರ ಅಧಿಕೃತ ಹೆಸರು ‘ಝೀರೋ ವಿಡ್ತ್ ನಾನ್-ಜಾಯ್ನರ್’. ಆ ಹೆಸರಿನೊಳಗೇ ಒಂದು ಹೈಫನ್ ಕುಳಿತಿರುವುದನ್ನು ಗಮನಿಸಿ! ಕನ್ನಡದಲ್ಲಿ ಬೆರಳಚ್ಚಿಸುವವರು ತಮ್ಮ ಕೀಲಿಮಣೆಯಲ್ಲಿ ಅದು ಎಲ್ಲಿದೆಯೆಂದು ಒಮ್ಮೆ ಹುಡುಕಿಕೊಳ್ಳಬೇಕು.

ಇಷ್ಟು ಹೇಳಿದ ಮೇಲೆ, ಇವೆಲ್ಲ ಮೇಷ್ಟ್ರ ಚಪಲ ಎನ್ನುವವರಿಗೆ ಮನುಷ್ಯರ ಹೆಸರುಗಳ ವಿಷಯ ಹೇಳಬೇಕು. ಕನ್ನಡದಲ್ಲಿ ‘ಕೆಂಪೇಗೌಡ’ ಒಂದೇ ಪದ. ಕೆಂಪ ಎಂಬುದು ಕೆಂಪೇ ಎಂದು ದೀರ್ಘವಾದದ್ದೇ ಮುಂದಿನ ಗೌಡನೊಡನೆ ಕೂಡುವುದಕ್ಕಾಗಿ. ಆದರೆ ಮಾಗಡಿಯನ್ನಾಳಿದ ಈ ನಾಡಪ್ರಭುಗಳನ್ನು ಎಷ್ಟೋ ಇಂಗ್ಲಿಷ್ ಪುಸ್ತಕಗಳು ‘ಕೆಂಪೇ ಗೌಡ’ ಎಂದು ಸೀಳಿದವು. ವಿಮಾನನಿಲ್ದಾಣಕ್ಕೆ ಹೆಸರಿಟ್ಟಾಗ ಕೂಡಿಸಿಯೇ ಬರೆದರು, ಸಂತೋಷ. 1994ರಲ್ಲಿ ರಾಮನಗರದಿಂದ ವಿಧಾನಸಭೆಗೆ ಆಯ್ಕೆಯಾಗಿ ಮುಖ್ಯಮಂತ್ರಿಗಳಾದ ಎಚ್.ಡಿ. ದೇವೇಗೌಡರು 1996ರಲ್ಲಿ ಪ್ರಧಾನಿಯಾದಾಗ ಇಂಗ್ಲಿಷ್ ಪತ್ರಿಕೆಗಳಿಗೆ ‘ದೇವೇ’ ಬೇರೆ, ‘ಗೌಡ’ ಬೇರೆ. ಆ ಒಂದು ತೆರಪಿನಿಂದಾಗಿ ಎರಡನೆಯ ಭಾಗ ಮನೆತನದ ಹೆಸರಿನಂತಾಗಿ, ಅವರು ‘ಮಿಸ್ಟರ್ ಗೌಡ’ ಆದರು. ಪ್ರಧಾನಿಗಳಿಗೆ ಅದರಿಂದ ನಷ್ಟವೇನೂ ಆಗಲಿಲ್ಲ. ಆಗುವುದು ಸಾಮಾನ್ಯರಿಗೆ.

ವಿದೇಶದಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಇದು ಗೊತ್ತು. ಅರ್ಜಿಯಲ್ಲಿ ಎರಡು ಚೌಕಗಳಿವೆಯೆಂದು ಚಂದ್ರಶೇಖರನನ್ನು ‘ಚಂದ್ರ’ ಮತ್ತು ‘ಶೇಖರ’ ಎಂದು ಕತ್ತರಿಸಿಕೊಂಡವರಿದ್ದಾರೆ. ಹೈಫನ್ ಹಾಕಿ ರಾಜಿ ಮಾಡಿಕೊಳ್ಳಬಹುದೆಂದು ಕೆಲವರು ಭಾವಿಸುತ್ತಾರೆ. ಅದರಿಂದ ಪ್ರಯೋಜನವಿಲ್ಲ. ಪಾಸ್‌ಪೋರ್ಟಿನ ಕೆಳಭಾಗದಲ್ಲಿ ಯಂತ್ರ ಓದುವ ಎರಡು ಸಾಲುಗಳಲ್ಲಿ ಹೈಫನ್ನಿಗೆ ಸ್ಥಾನವೇ ಇಲ್ಲ; ಹೈಫನ್ ಇದ್ದರೂ ತೆರಪು ಇದ್ದರೂ ಅಲ್ಲಿ ಒಂದೇ ಬಗೆಯ ಬಾಣದ ಗುರುತು ಬೀಳುತ್ತದೆ. ಯಂತ್ರದ ಪಾಲಿಗೆ ಅವೆರಡೂ ಹೆಸರನ್ನು ಮುರಿದ ಜಾಗಗಳು. ಆದುದರಿಂದ ಮಗು ಹುಟ್ಟಿದಾಗ ಜನನ ಪ್ರಮಾಣಪತ್ರದಲ್ಲಿ ಇಂಗ್ಲಿಷಿನಲ್ಲಿ ಹೆಸರು ಬರೆಸುವ ಹೊತ್ತಿಗೇ ಯೋಚಿಸಿ. ಕನ್ನಡದಲ್ಲಿ ಒಂದಾಗಿ ಉಚ್ಚರಿಸುವ ಹೆಸರನ್ನು ಇಂಗ್ಲಿಷಿನಲ್ಲಿಯೂ ಒಂದಾಗಿ ಬರೆಸಿ. ಆಮೇಲೆ ಎಲ್ಲ ದಾಖಲೆಗಳಲ್ಲಿಯೂ ಅದನ್ನೇ ಅಕ್ಷರಶಃ ಪಾಲಿಸಿ.

ಎರಡು ವರ್ಷಗಳ ಹಿಂದೆ ಮಾಗಡಿಯ ಕಡೆಯ ಒಬ್ಬ ವಿದ್ಯಾರ್ಥಿ ನನ್ನ ಮನೆಗೆ ಬಂದರು. ಈಗ ವ್ಯವಸಾಯ ಮಾಡಿಕೊಂಡಿದ್ದಾರೆ. ತಂದೆ ತೀರಿಕೊಂಡಿದ್ದರು. ತಂದೆಯ ಹೆಸರನ್ನು ಇಲ್ಲಿ ಬದಲಿಸಿ ಹೇಳುತ್ತೇನೆ, ತಿಮ್ಮೇಗೌಡ ಎಂದಿಟ್ಟುಕೊಳ್ಳಿ. ಪಹಣಿಯಲ್ಲಿ, ಪಡಿತರ ಚೀಟಿಯಲ್ಲಿ, ಮತದಾರರ ಪಟ್ಟಿಯಲ್ಲಿ ಕನ್ನಡದ ಹೆಸರು ಎಲ್ಲೆಡೆ ಒಂದೇ ರೂಪದಲ್ಲಿತ್ತು. ಇಂಗ್ಲಿಷಿನಲ್ಲಿ ಮಾತ್ರ ಒಂದು ಕಡೆ ಕೂಡಿತ್ತು, ಮರಣ ಪ್ರಮಾಣಪತ್ರದಲ್ಲಿ ಬಿಡಿಯಾಗಿತ್ತು. ಆ ಮುದುಕರು ಹನಿ ಹನಿ ಕೂಡಿಸಿಟ್ಟಿದ್ದ ಠೇವಣಿಯನ್ನು ಕೊಡಲು ಬ್ಯಾಂಕೊಂದು ಒಪ್ಪಲಿಲ್ಲ. ಖಾತೆಯಲ್ಲಿರುವವರು ಬೇರೆ, ಸತ್ತವರು ಬೇರೆ ಎಂದಿತು ಅಲ್ಲಿನ ಗಣಕಯಂತ್ರ. ಅದಕ್ಕೆ ತೆರಪೂ ಒಂದು ಅಕ್ಷರವೇ ಅಲ್ಲವೇ! ತಾಯಿಯ ಔಷಧಿಗೆ ಆ ಹಣ ಬೇಕಾಗಿತ್ತು. ಐದು ತಿಂಗಳು ಅಲೆದಿದ್ದರು.

ಎರಡೂ ಹೆಸರುಗಳು ಒಬ್ಬರೇ ವ್ಯಕ್ತಿಯವೆಂದು ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿಕೊಡಬೇಕೆಂದು ತೀರ್ಮಾನವಾಯಿತು. ಇಂಗ್ಲಿಷ್ ಒಕ್ಕಣೆಯನ್ನು ನಾನೇ ಬರೆದುಕೊಟ್ಟೆ. ಒಂದು ರೂಪ ಕೂಡಿದ್ದು, ಇನ್ನೊಂದು ಬಿಡಿಸಿದ್ದು, ಎರಡನ್ನೂ ಉದ್ಧರಣ ಚಿಹ್ನೆಯೊಳಗಿಟ್ಟು ಅಡಿಗೆರೆ ಹಾಕಿ. ಮರುದಿನ ಸಂಜೆ ಅವರು ಬೆರಳಚ್ಚಾದ ಕಾಗದವನ್ನು ತಂದು ತೋರಿಸಿದರು. ಎರಡು ರೂಪಗಳ ವಿಷಯ ಓದಿದ ಬೆರಳಚ್ಚುಗಾರರು, ಯಾವುದಕ್ಕೂ ಇರಲಿ ಎಂದು, ಕೆಳಗಿನ ಸಾಲಿನಲ್ಲಿ ತಂದೆಯ ಹೆಸರಿನ ನಡುವೆ ಒಂದು ಹೈಫನ್ ಹಾಕಿಬಿಟ್ಟಿದ್ದರು. ಈಗ ಮೂರು ಜನರಾಗಿದ್ದರು. ಇನ್ನೊಂದು ಇ-ಸ್ಟಾಂಪ್ ಕಾಗದ ತರಿಸಿ, ಈ ಬಾರಿ ನಾನೇ ಜೊತೆಗೆ ಹೋಗಿ ಪಕ್ಕದಲ್ಲಿ ಕುಳಿತು ಮಾಡಿಸಿಕೊಂಡು ಬಂದೆ. ಹಣ ಹದಿನೆಂಟು ದಿನಗಳ ನಂತರ ಬಂತು.